ದೊಡ್ಡ ಮೋಟಾರುಗಳೂ ಬಹುಮಟ್ಟದ ಪರಿವರ್ತಕಗಳೂ

ಸಿಮೆಂಟು, ಉಕ್ಕು, ಕಾಗದ ಮೊದಲಾದುವನ್ನು ತಯಾರಿಸತಕ್ಕ ಕಾರ್ಖಾನೆಗಳಲ್ಲಿ ವಿದ್ಯುಚ್ಛಕ್ತಿಯ ಬಹುಭಾಗವನ್ನು ನುಂಗುವುವು ದೀಪಗಳಲ್ಲ, ಮೋಟಾರುಗಳು. ಅವುಗಳಲ್ಲಿ ದೊಡ್ಡವು ನಮ್ಮ ಮನೆಯ 230 ವೋಲ್ಟಿನಿಂದ ನಡೆಯತಕ್ಕವಲ್ಲ. ಅವಕ್ಕೆ 3,300, 6,600 ಅಥವಾ 11,000 ವೋಲ್ಟು ಬೇಕು. ಇದಕ್ಕೆ ಮಧ್ಯಮ ವೋಲ್ಟೇಜೆಂದು ಹೆಸರು. ಸಾವಿರಾರು ಕಿಲೋವಾಟನ್ನು ಕಡಮೆ ವೋಲ್ಟಿನಲ್ಲಿ ಒಯ್ಯಹೊರಟರೆ ಪ್ರವಾಹವು ಮಿತಿಮೀರಿ, ತಂತಿಗಳು ಅಸಾಧ್ಯವಾಗಿ ದಪ್ಪವಾಗಬೇಕಾಗುವುದೇ ಇದಕ್ಕೆ ಕಾರಣ.

ಸೆಕೆಂಡಿಗೆ 50 ಆವರ್ತಗಳುಳ್ಳ ವಿದ್ಯುತ್ತಿಗೆ ನೇರವಾಗಿ ಸೇರಿಸಿದ ಮೋಟಾರು ಹೆಚ್ಚುಕಡಮೆ ಒಂದೇ ವೇಗದಲ್ಲಿ ತಿರುಗುವುದು. ಕುಲುಮೆಗೆ ಗಾಳಿ ಕಡಮೆ ಬೇಕಾದಾಗ ಗಾಳಿಯ ಹಾದಿಯನ್ನು ಅರ್ಧ ಮುಚ್ಚುವುದು ಹಳೆಯ ರೂಢಿ. ಎತ್ತುಗಳನ್ನು ಹೊಡೆಯುತ್ತಲೇ ಗಾಡಿಯ ಚಕ್ರಕ್ಕೆ ಅಡ್ಡಗಟ್ಟುವುದಕ್ಕೂ ಇದಕ್ಕೂ ಭೇದವೇನು? ಬೀಸಣಿಗೆಗೆ ಬೇಕಾದ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾದುದು. ವೇಗವನ್ನು ನೂರರಿಂದ 80ಕ್ಕೆ ಇಳಿಸಿದರೆ ಶಕ್ತಿಯು ನೂರರಿಂದ ಸುಮಾರು 51ಕ್ಕೆ ಇಳಿಯುವುದು. ಆದರೆ ಈ ಲೆಕ್ಕವು ಎಲ್ಲೆಡೆಯೂ ಸಲ್ಲದು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿಯ ನೀರನ್ನು ಏರಿಸುವಂಥ ಕಡೆ, ಶ್ರಮದ ಬಹುಭಾಗವು ಎತ್ತರವನ್ನು ಗೆಲ್ಲುವುದಕ್ಕೇ ಸಲ್ಲುವುದರಿಂದ, ಉಳಿತಾಯವು ಅಷ್ಟಿರದು.

ವೇಗವನ್ನು ಬದಲಾಯಿಸಬೇಕಾದರೆ ಆವರ್ತಗಳ ಸಂಖ್ಯೆಯನ್ನು ಬದಲಾಯಿಸಬೇಕು. ಅದಕ್ಕಾಗಿ ಬಂದ ವಿದ್ಯುತ್ತನ್ನು ಮೊದಲು ಏಕಮುಖವಾಗಿ ಮಾಡಿ, ಅನಂತರ ಅರೆವಾಹಕದ ಸ್ವಿಚ್ಚುಗಳಿಂದ ತುಂಡರಿಸಿ, ಬೇಕಾದ ಅಲೆಯನ್ನು ಹೊಸದಾಗಿ ಕಟ್ಟುವರು. ಸಾಮಾನ್ಯ ಪರಿವರ್ತಕದಲ್ಲಿ ಈ ಅಲೆಗೆ ಎರಡೇ ಮಟ್ಟಗಳು: ಒಂದು ಧನ, ಒಂದು ಋಣ. ಸಣ್ಣ ಮೋಟಾರುಗಳಿಗೆ ಇಷ್ಟು ಸಾಕು. ದೊಡ್ಡವಕ್ಕೆ ಎರಡು ವಿಘ್ನಗಳುಂಟು.

ಮೊದಲನೆಯದು ಸ್ವಿಚ್ಚಿನ ಬಲ. 6,600 ವೋಲ್ಟಿನ ಅಲೆಯ ಶಿಖರವು 9,300 ವೋಲ್ಟನ್ನು ಮೀರುವುದು. ಈ ಕೆಲಸಕ್ಕೆ ಬಳಸುವ ಐ.ಜಿ.ಬಿ.ಟಿ. ಎಂಬ ಸ್ವಿಚ್ಚುಗಳಲ್ಲಿ ಮಾರುಕಟ್ಟೆಯ ಬಲಿಷ್ಠವಾದುವೂ ಸಾಮಾನ್ಯವಾಗಿ 6,500 ವೋಲ್ಟಿನವು. ಹಲವನ್ನು ಸಾಲಾಗಿ ಜೋಡಿಸಬಹುದಲ್ಲವೇ ಎಂದರೆ, ಅವೆಲ್ಲವೂ ಒಂದೇ ಕ್ಷಣದಲ್ಲಿ ತೆರೆಯಬೇಕು. ಮೊದಲು ತೆರೆದುದರ ಮೇಲೆ ಹೆಚ್ಚಿನ ಭಾರವೆಲ್ಲ ಬಿದ್ದು ಅದು ಸುಟ್ಟುಹೋಗುವುದು. ಎರಡನೆಯದು ಮೋಟಾರಿನ ಆಯುಸ್ಸು. ಸಾವಿರಾರು ವೋಲ್ಟು ಒಮ್ಮೆಗೇ ನೆಗೆಯುವಾಗ ಸುತ್ತುಗಳ ನಿರೋಧಕ ಹೊದಿಕೆಗೆ ಪೆಟ್ಟು ಬೀಳುವುದು. ಕೇಬಲ್ಲು ಉದ್ದವಾಗಿದ್ದರೆ ಅಲೆಯು ಪ್ರತಿಫಲಿಸಿ, ಈ ಪೆಟ್ಟು ಇಮ್ಮಡಿಯವರೆಗೂ ಏರಬಹುದು.

ಮಾಳಿಗೆಗೆ ನೆಗೆಯುವುದನ್ನು ಬಿಟ್ಟು ಮೆಟ್ಟಿಲು ಹತ್ತುವುದೇ ಇದಕ್ಕೆ ಪರಿಹಾರ. 1981ರಲ್ಲಿ ಜಪಾನಿನ ನಬಾಯೆ, ತಕಹಾಷಿ, ಅಕಾಗಿ ಎಂಬ ಮೂವರು ಪ್ರಕಟಿಸಿದ ಲೇಖನದಿಂದ ಮೂರು ಮಟ್ಟದ ಪರಿವರ್ತಕವು ಪ್ರಸಿದ್ಧಿಗೆ ಬಂದಿತು. ಅದರಲ್ಲಿ ಎರಡು ಕೆಪಾಸಿಟರುಗಳು ಏಕಮುಖ ವೋಲ್ಟನ್ನು ಸಮಪಾಲು ಮಾಡಿಕೊಳ್ಳುವುವು. ಅವುಗಳ ನಡುವಣ ಬಿಂದುವು ಶೂನ್ಯವೆಂಬ ಮೂರನೆಯ ಮಟ್ಟವನ್ನು ಕೊಡುವುದು. ಡಯೋಡುಗಳ ಕಾವಲಿರುವುದರಿಂದ ಪ್ರತಿ ಸ್ವಿಚ್ಚಿನ ಮೇಲೂ ಅರ್ಧ ಭಾರ ಮಾತ್ರ.

ಇನ್ನೊಂದು ಕ್ರಮದಲ್ಲಿ ಚಿಕ್ಕ ಪರಿವರ್ತಕಗಳನ್ನು ಕೋಶಗಳಂತೆ ಸರಪಣಿಯಾಗಿ ಸೇರಿಸುವರು. ಪ್ರತಿ ಹಂತದಲ್ಲಿ 635 ವೋಲ್ಟಿನ 6 ಕೋಶಗಳಿದ್ದರೆ ಒಟ್ಟು 3,810 ವೋಲ್ಟಾಗುವುದು. ಮೂರು ಹಂತಗಳನ್ನು ಕೂಡಿಸಿದಾಗ ತಂತಿಗಳ ನಡುವೆ 6,600 ವೋಲ್ಟು ದೊರೆಯುವುದು. ಅಲೆಗೆ 13 ಮಟ್ಟಗಳು ಬಂದು, ಅದು ಸಹಜವಾದ ಅಲೆಗೆ ಬಹಳ ಸಮೀಪವಾಗುವುದು. ಇದರ ಸ್ವಿಚ್ಚುಗಳು ಕಡಮೆ ವೋಲ್ಟಿನ ಸಾಧಾರಣ ಸ್ವಿಚ್ಚುಗಳೇ. ಒಂದು ಕೋಶ ಕೆಟ್ಟರೆ, ತಕ್ಕ ಏರ್ಪಾಡಿದ್ದಲ್ಲಿ ಅದನ್ನು ಬದಿಗಿಟ್ಟು, ಸ್ವಲ್ಪ ತಗ್ಗಿದ ವೋಲ್ಟಿನಲ್ಲಿ ಕೆಲಸವನ್ನು ಮುಂದುವರಿಸಬಹುದು.

ಈ ಲಾಭಗಳಿಗೆ ಬೆಲೆಯುಂಟು. ಮೊದಲನೆಯ ಕ್ರಮದಲ್ಲಿ ನಡುವಣ ಬಿಂದುವು ಅತ್ತಿತ್ತ ಸರಿಯದಂತೆ ಸದಾ ನಿಯಂತ್ರಿಸಬೇಕು. ಎರಡನೆಯದರಲ್ಲಿ 18 ಕೋಶಗಳಿಗೂ ಬೇರೆಬೇರೆ ಸುತ್ತುಗಳುಳ್ಳ ಭಾರವಾದ ಟ್ರಾನ್ಸ್‌ಫಾರ್ಮರು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮೋಟಾರಿನ ಸುತ್ತುಗಳ ಎರಡು ಕೊನೆಗಳಿಗೂ ಪರಿವರ್ತಕಗಳನ್ನು ಸೇರಿಸಿ ಹೆಚ್ಚು ಮಟ್ಟಗಳನ್ನು ಪಡೆಯುವ ಸಂಶೋಧನೆಗಳು ನಡೆದಿವೆ.

ಆದುದರಿಂದ ಕಾರ್ಖಾನೆಯ ಯಜಮಾನರು ಯಂತ್ರದ ಬೆಲೆಯನ್ನು ಕೇಳುವುದಕ್ಕೆ ಮೊದಲು ತಮ್ಮನ್ನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕೆಲಸದ ಹೊರೆಯು ದಿನದಲ್ಲಿ ಎಷ್ಟು ಹೊತ್ತು ತಗ್ಗುವುದು? ಮೋಟಾರಿಗೆ ಕೇಬಲ್ಲು ಎಷ್ಟು ದೂರ? ಮೋಟಾರಿನ ನಿರೋಧಕ ಹೊದಿಕೆ ಎಷ್ಟು ಹಳೆಯದು? ಹೊರೆಯು ಎಂದೂ ತಗ್ಗದ ಕಡೆ ಈ ಯಂತ್ರದಿಂದ ಉಳಿತಾಯವನ್ನು ನಿರೀಕ್ಷಿಸಲಾಗದು; ತಗ್ಗುವ ಕಡೆ ಅದಿಲ್ಲದೆ ನಡೆಯುವುದು ಪ್ರತಿದಿನದ ನಷ್ಟ.