ಐದಕ್ಕೆ ಮೂರು: ಎರಡನೇ ಪರೀಕ್ಷೆ ಬರೆಯಬೇಕಾ?

2025ರ ಏಪ್ರಿಲ್ 8. ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ. ಸಂಜೆ ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ಒಬ್ಬ ತಾಯಿ ಫೋನ್ ಮಾಡಿದ್ರು. "ಸರ್, ಮಗಳು ಪಾಸಾಗಿದ್ದಾಳೆ. ಆದ್ರೆ ಅಂದುಕೊಂಡಷ್ಟು ಬಂದಿಲ್ಲ. ಎರಡನೇ ಪರೀಕ್ಷೆ ಬರೆಸ್ಲಾ, ಬೇಡ್ವಾ? ಅದ್ರಲ್ಲಿ ಕಡಿಮೆ ಬಂದ್ರೆ ಇರೋದೂ ಹೋಗುತ್ತಾ?"

ಹೋಗಲ್ಲ ಅಮ್ಮ. ಮೊದಲು ಅದನ್ನೇ ಹೇಳ್ತೀನಿ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಪದ್ಧತಿ ಬಂತು. ಪೂರಕ ಪರೀಕ್ಷೆ ಅನ್ನೋ ಹೆಸರು ಹೋಗಿ ಪರೀಕ್ಷೆ-1, 2, 3 ಅಂತಾಯ್ತು. ಫೇಲಾದವರು ಮಾತ್ರ ಅಲ್ಲ, ಪಾಸಾದವರೂ ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತೆ. ಅಂದ್ರೆ ಅಂಕ ಕಳೆದುಕೊಳ್ಳುವ ಭಯ ಇಲ್ಲ. ಕಳೆದುಕೊಳ್ಳೋದು ದಿನಗಳನ್ನ.

ಆ ದಿನಗಳ ಲೆಕ್ಕ ನೋಡಿ. ಏಪ್ರಿಲ್ 8ಕ್ಕೆ ಫಲಿತಾಂಶ, 16 ಮತ್ತು 17ಕ್ಕೆ ಸಿಇಟಿ, 24ರಿಂದ ಪರೀಕ್ಷೆ-2. ಹುಡುಗಿ ಈ ವಾರ ಯಾವ ಪುಸ್ತಕ ಹಿಡೀಬೇಕು? ಅದೇ ನಿಜವಾದ ಪ್ರಶ್ನೆ.

ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300. ಸಿಇಟಿಯಲ್ಲಿ ಇದೇ ಮೂರು ವಿಷಯಕ್ಕೆ ತಲಾ 60ರಂತೆ 180. ಮುನ್ನೂರೂ ಐವತ್ತಕ್ಕೆ ಇಳಿಯುತ್ತೆ, ನೂರ ಎಂಬತ್ತೂ ಐವತ್ತಕ್ಕೆ ಇಳಿಯುತ್ತೆ. ಹಾಗಾಗಿ ಪಿಯುಸಿಯ ಐದು ಅಂಕ, ಸಿಇಟಿಯ ಮೂರು ಅಂಕ, ತೂಕ ಒಂದೇ.

ಒಂದು ಉದಾಹರಣೆ. ಪಿಯುಸಿಯಲ್ಲಿ 228, ಸಿಇಟಿಯಲ್ಲಿ 90 ಅಂದುಕೊಳ್ಳಿ. 38 ಮತ್ತು 25, ಒಟ್ಟು 63. ಎರಡನೇ ಪರೀಕ್ಷೆಯಲ್ಲಿ 15 ಅಂಕ ಜಾಸ್ತಿ ತೆಗೆದರೆ 65.5. ಸಿಇಟಿಯಲ್ಲಿ ಬರೀ 9 ಅಂಕ ಜಾಸ್ತಿ ತೆಗೆದರೂ ಅದೇ 65.5. ಎರಡೂವರೆ ಅಂದ್ರೆ ಸಣ್ಣದಲ್ಲ. ರ‍್ಯಾಂಕ್ ಪಟ್ಟಿಯ ಮಧ್ಯದಲ್ಲಿ ಮಕ್ಕಳು ಸಂತೆಯಲ್ಲಿ ನಿಂತ ಹಾಗೆ ಒತ್ತಿಕೊಂಡಿರ್ತಾರೆ. ಅಲ್ಲಿ ಸ್ವಲ್ಪ ಮುಂದೆ ಹೋದರೂ ತುಂಬಾ ಜನರನ್ನ ದಾಟ್ತೀರಿ. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ನಡುವಿನ ವ್ಯತ್ಯಾಸ ಎಷ್ಟೋ ಮನೆಗಳಲ್ಲಿ ಒಂದು ತೆಂಗಿನ ತೋಟದ ವ್ಯತ್ಯಾಸ.

ಈ ಅರ್ಧದ ಬೆಲೆ ಗೊತ್ತಾಗಬೇಕಾದ್ರೆ 2022 ನೆನಪು ಮಾಡಿಕೊಳ್ಳಿ. ಕೋವಿಡ್‌ನಿಂದ 2021ರಲ್ಲಿ ಪಿಯುಸಿ ಪರೀಕ್ಷೆ ರದ್ದಾಗಿತ್ತು. ಆ ವರ್ಷ ಸಿಇಟಿ ಅಂಕವೊಂದರಿಂದಲೇ ರ‍್ಯಾಂಕ್ ಕೊಟ್ಟರು. ಆ ಬ್ಯಾಚಿನ ಮಕ್ಕಳು ಮರುವರ್ಷ ಮತ್ತೆ ಸಿಇಟಿ ಬರೆದಾಗ, ನಿಮ್ಮ ಪಿಯುಸಿ ಅಂಕ ಪರಿಗಣಿಸಲ್ಲ ಅಂದಿತು ಪರೀಕ್ಷಾ ಪ್ರಾಧಿಕಾರ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ರ‍್ಯಾಂಕ್ ಪಟ್ಟಿಯನ್ನೇ ಬದಲಾಯಿಸಬೇಕಾಯ್ತು.

ಹಾಗಂತ ಎಲ್ಲರೂ ಪರೀಕ್ಷೆ-2 ಬರೀಬೇಕಾ? ಬೇಡ. ಮಗಳಿಗೆ ಮೆಡಿಕಲ್ ಮಾತ್ರ ಬೇಕು, ಅರ್ಹತೆಯ ಅಂಕ ಆಗಲೇ ಬಂದಿದೆ ಅಂದ್ರೆ ಬರೆದು ಪ್ರಯೋಜನ ಇಲ್ಲ. ಅಲ್ಲಿ ನೀಟ್ ಅಂಕವೇ ಎಲ್ಲ. ಕಾಮೆಡ್‌ಕೆ ರ‍್ಯಾಂಕ್‌ಗೂ ಪಿಯುಸಿ ಅಂಕ ಸೇರಲ್ಲ. ಅಮೆರಿಕದಲ್ಲಿ ಕೋವಿಡ್ ನಂತರ ಎಷ್ಟೋ ಕಾಲೇಜುಗಳು ಎಸ್‌ಎಟಿ ಅಂಕ ಕೊಟ್ಟರೂ ಸರಿ, ಬಿಟ್ಟರೂ ಸರಿ ಅಂದವು. 2022ರಲ್ಲಿ ಎಂಐಟಿ ಮತ್ತೆ ಕೊಡಲೇಬೇಕು ಅಂತು. ಎಲ್ಲ ಕಡೆ ಕೇಳಬೇಕಾದ್ದು ಒಂದೇ ಮಾತು: ಈ ಅಂಕವನ್ನ ಆ ಕಡೆಯವರು ತೂಗ್ತಾರಾ?

ಇಂಜಿನಿಯರಿಂಗ್ ಬೇಕು ಅಂದ್ರೆ ನನ್ನ ಸಲಹೆ ಇಷ್ಟು. ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಿ ಬಿಡಿ. 17ರ ತನಕ ಸಿಇಟಿ ಬಿಟ್ಟು ಬೇರೆ ಯೋಚನೆ ಬೇಡ. ಅಲ್ಲಿ ನೆಗೆಟಿವ್ ಅಂಕ ಇಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆಮೇಲೆ ಎಲ್ಲ ವಿಷಯವನ್ನೂ ಮೈಮೇಲೆ ಹಾಕಿಕೊಳ್ಳೋದು ಬೇಡ. ಬರಬೇಕಾದಷ್ಟು ಬರದ ಒಂದೋ ಎರಡೋ ವಿಷಯ ಸಾಕು.

ಚೇಳೂರು ಹಲಸಿಗೆ ಹೆಸರಾದ ಊರು, ಸಿದ್ದು ಹಲಸಿನ ಊರು. ಅಲ್ಲಿ ಯಾರೂ ಮುಳ್ಳು ನೋಡಿ ಬೆಲೆ ಕಟ್ಟಲ್ಲ, ತಟ್ಟಿ ನೋಡ್ತಾರೆ. ನಾನೂ ಸಿಇಟಿ ಬರೆದೇ ಇಂಜಿನಿಯರಿಂಗ್ ಸೇರಿದವನು. ಅದಕ್ಕೇ ಹೇಳ್ತಿದ್ದೀನಿ. ಪಕ್ಕದ ಮನೆ ಹುಡುಗ ಬರೀತಿದ್ದಾನೆ ಅಂತ ಬರೆಸಬೇಡಿ. ಕಾಗದ, ಪೆನ್ನು ತಗೊಂಡು ಮಗಳ ಜೊತೆ ಕೂತು ಲೆಕ್ಕ ಹಾಕಿ. ಆಮೇಲೆ, ನಿನಗೆ ಮತ್ತೊಮ್ಮೆ ಬರೆಯೋ ಶಕ್ತಿ ಇದೆಯಾ ಅಂತ ಅವಳನ್ನೇ ಕೇಳಿ. ಬರೆಯೋಳು ಅವಳು ತಾನೇ?