ಹೊಂಗೆಯ ಹೆಸರು ಕಡಲು ದಾಟಿದ ಕಥೆ

ಹೊಳಲ್ಕೆರೆ ಸೀಮೆಯ ಹೊಲದ ಬದುಗಳಲ್ಲಿ, ರಸ್ತೆಯ ಪಕ್ಕದಲ್ಲಿ ಹೊಂಗೆ ಮರವನ್ನು ನೋಡದವರಿಲ್ಲ. ಯುಗಾದಿಯ ಹೊತ್ತಿಗೆ ಚಿಗುರಿ ನೆರಳು ಕೊಡುವ, ಎಣ್ಣೆಗೂ ಹಸಿರುಗೊಬ್ಬರಕ್ಕೂ ಒದಗುವ ಈ ಮರದ ವೈಜ್ಞಾನಿಕ ಹೆಸರು ಪೊಂಗಾಮಿಯ ಪಿನ್ನೇಟ. ಹಳಗನ್ನಡದ 'ಪಾಲ್' ಇಂದು 'ಹಾಲು' ಆಗಿರುವಂತೆ 'ಪೊಂಗೆ'ಯೂ 'ಹೊಂಗೆ'ಯಾಗಿದೆ. ಹಾಗಾದರೆ ನಮ್ಮ ಮಾತಿಗೆ ಇಷ್ಟು ಹತ್ತಿರದ ಪದ ವಿಜ್ಞಾನದ ಲ್ಯಾಟಿನ್ ಹೆಸರಿನೊಳಗೆ ಸೇರಿದ್ದು ಹೇಗೆ? ಅದಕ್ಕೆ ಕಾರಣ ಒಂದು ಚಿತ್ರಪುಸ್ತಕ!

17ನೇ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮರಗಳ ವಿವರಗಳನ್ನು ಸಂಗ್ರಹಿಸಿದ. ಅವುಗಳ ಹೆಸರು, ಔಷಧ ಗುಣಗಳನ್ನು ತಿಳಿಸಿದವರು ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಪಂಡಿತರು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ 700ಕ್ಕೂ ಹೆಚ್ಚು ಚಿತ್ರಗಳೊಡನೆ 'ಹಾರ್ಟಸ್ ಮಲಬಾರಿಕಸ್' ಎಂಬ ಗ್ರಂಥ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಅದರಲ್ಲಿ ಮೊದಲ ಸ್ಥಾನ ನಮ್ಮ ತೆಂಗಿಗೆ.

ಗಿಡದ ಹೆಸರು ಊರಿಂದೂರಿಗೆ ಬೇರೆಯಾಗುತ್ತದೆ. ನಿಖರವಾದ ಚಿತ್ರ ಎಲ್ಲರಿಗೂ ಒಂದೇ. 18ನೇ ಶತಮಾನದ ಯುರೋಪಿನ ವೈಚಾರಿಕ ಜಾಗೃತಿಯ ಕಾಲದಲ್ಲಿ ವಿದ್ವಾಂಸರು ಇಂಥ ಪುಸ್ತಕಗಳನ್ನು ಅಷ್ಟಾಗಿ ನೆಚ್ಚಿದ್ದು ಇದಕ್ಕೇ. ಸ್ವೀಡನ್ನಿನ ಲಿನೇಯಸ್ ಭಾರತಕ್ಕೆ ಎಂದೂ ಬಂದವನಲ್ಲ. ಆದರೂ 1753ರ ತನ್ನ 'ಸ್ಪೀಶೀಸ್ ಪ್ಲಾಂಟೇರಂ'ನಲ್ಲಿ ಇಲ್ಲಿನ ಅನೇಕ ಸಸ್ಯಗಳಿಗೆ ಹೆಸರಿಡುವಾಗ ಈ ಚಿತ್ರಗಳನ್ನು ಆಧರಿಸಿದ. ಫ್ರಾನ್ಸಿನ ಆಡಾನ್‌ಸನ್ 1763ರಲ್ಲಿ ಇದೇ ಗ್ರಂಥದ 'ಪೊಂಗಂ' ಎಂಬ ಹೆಸರನ್ನು ಎತ್ತಿಕೊಂಡ. ಮುಂದೆ ಅದು ಪೊಂಗಾಮಿಯ ಆಯಿತು. 1801ರಲ್ಲಿ ಚಿತ್ರದುರ್ಗ, ಹಿರಿಯೂರುಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಮುಂದೆ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ.

ಆದರೆ ಅರಿವು ಕೊಟ್ಟವರ ನಾಡಿಗೆ ಪುಸ್ತಕ ದಕ್ಕಿತೇ? ಗ್ರಂಥ ಲ್ಯಾಟಿನ್ನಿನಲ್ಲಿತ್ತು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ಅವರ ದಶಕಗಳ ದುಡಿಮೆಯಿಂದ ಅದರ ಇಂಗ್ಲಿಷ್ ಅನುವಾದ ಹೊರಬಂದದ್ದು 2003ರಲ್ಲಿ, ಮಲಯಾಳಂ ಅನುವಾದ 2008ರಲ್ಲಿ. ಮೊದಲ ಸಂಪುಟ ಅಚ್ಚಾಗಿ ಆಗಲೇ 330 ವರ್ಷಗಳು ಕಳೆದಿದ್ದವು!

ನಮ್ಮ ಹಳ್ಳಿಗಳಲ್ಲೂ ಗಿಡಮೂಲಿಕೆ ಬಲ್ಲ ಹಿರಿಯರಿದ್ದಾರೆ. ಅವರು ಹೇಳಿದ್ದನ್ನು ಬರೆದಿಡದಿದ್ದರೆ ಅದು ಅವರೊಂದಿಗೇ ಹೋಗುತ್ತದೆ. ರಜೆಯಲ್ಲಿ ವಿದ್ಯಾರ್ಥಿಗಳು ವಾರಕ್ಕೊಂದು ಗಿಡದ ಎಲೆ, ಹೂವು, ಕಾಯಿಗಳನ್ನು ಕಂಡಂತೆಯೇ ಬಿಡಿಸಿ, ಊರಿನವರು ಕರೆಯುವ ಹೆಸರನ್ನು ಕೆಳಗೆ ಬರೆಯಲಿ. ತಂದೆತಾಯಿಗಳು ಇದಕ್ಕೆಂದು ಒಂದು ಬಿಳಿ ಹಾಳೆಯ ಪುಸ್ತಕ ತಂದುಕೊಟ್ಟರೆ ಸಾಕು. ಆ ಪುಸ್ತಕ ಕನ್ನಡದಲ್ಲಿರುತ್ತದೆ. ಅದನ್ನು ಓದಲು ಮೊಮ್ಮಕ್ಕಳು ಮುನ್ನೂರು ವರ್ಷ ಕಾಯಬೇಕಾಗಿಲ್ಲ.