ನಿರುಪದ್ರವಿ ಹಿಮೋಗ್ಲೋಬಿನ್ ಪ್ರಭೇದಗಳು: ಪ್ರಯೋಗಾಲಯದ ರಕ್ತ ಮತ್ತು ಬಳಿಯ ರಕ್ತ

ಕನ್ನಡ ಜನಪದ ಬದುಕಿನಲ್ಲಿ ‘ರಕ್ತ’ ಎಂಬುದು ಮೊದಲು ಸಂಬಂಧದ ಮಾತು, ಅನಂತರ ದೇಹದ ಮಾತು. ಬಳಿ, ಬೆಡಗು, ಕುಲಗಳ ಲೆಕ್ಕ ಬಹುಮಟ್ಟಿಗೆ ತಂದೆಯ ಕಡೆಯಿಂದ ಸಾಗುತ್ತದೆ (ತುಳುನಾಡಿನ ಅಳಿಯಸಂತಾನದ ಮಾತು ಬೇರೆ). ಒಂದೇ ಬಳಿಯವರು ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಸೋದರಮಾವನ ಮಗಳು ಬೇರೆ ಬಳಿಯವಳಾದ್ದರಿಂದ ಅನೇಕ ಸಮುದಾಯಗಳಲ್ಲಿ ಮದುವೆಗೆ ಸಲ್ಲುತ್ತಾಳೆ. ಪ್ರಯೋಗಾಲಯ ಪರೀಕ್ಷಿಸುವ ರಕ್ತ ಈ ಲೆಕ್ಕಕ್ಕೆ ಒಳಪಡುವುದಿಲ್ಲ.

ವಯಸ್ಕರ ಹಿಮೋಗ್ಲೋಬಿನ್ ‘ಎ’ಯಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿವೆ. ಸರಪಳಿಯ ಒಂದು ಅಮೈನೋ ಆಮ್ಲ ಬದಲಾದರೂ ಹೊಸ ಪ್ರಭೇದವಾಗುತ್ತದೆ. ಇಂಥವು ಸಾವಿರಕ್ಕೂ ಮಿಕ್ಕಿ ಪತ್ತೆಯಾಗಿದ್ದು, ಹೆಚ್ಚಿನವು ನಿರುಪದ್ರವಿ. ಮೊದಲು ಅಕ್ಷರಗಳಿಂದ ಹೆಸರಿಸಿ, ಅಕ್ಷರಗಳು ಸಾಲದಾದಾಗ ಊರುಗಳ ಹೆಸರಿಟ್ಟರು. ‘ಡಿ-ಪಂಜಾಬ್’ ಮತ್ತು ‘ಡಿ-ಲಾಸ್ ಏಂಜಲೀಸ್’ ಒಂದೇ ವಸ್ತುವಿನ ಎರಡು ಹೆಸರುಗಳೆಂಬುದು ಸ್ಥಳನಾಮಾಸಕ್ತರು ಗಮನಿಸತಕ್ಕ ಸಂಗತಿ.

ಕುಡಗೋಲು ಕಣ ರೋಗಕ್ಕೆ ಕಾರಣವಾದ ‘ಎಸ್’ ಪ್ರಭೇದದಲ್ಲಿ ಬೀಟಾ ಸರಪಳಿಯ 6ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಇರುತ್ತದೆ. ತಂದೆತಾಯಿಗಳಿಬ್ಬರಿಂದಲೂ ಎಸ್ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದರೆ ಅದು ಗುಣ ಅಷ್ಟೆ. ಅಂಥವರು, ಅಪರೂಪದ ಸಂದರ್ಭಗಳನ್ನು ಬಿಟ್ಟರೆ, ಆರೋಗ್ಯವಂತರಾಗಿಯೇ ಬಾಳುತ್ತಾರೆ. ಕ್ಷೇತ್ರದಲ್ಲಿ ಬಳಸುವ ಕರಗುವಿಕೆ ಪರೀಕ್ಷೆ ಈ ಭೇದವನ್ನು ತೋರಿಸಲಾರದು. ಎಸ್ ಇದ್ದರೆ ನಳಿಕೆಯ ದ್ರವ ಹಿಂದಿನ ಗೆರೆಗಳು ಕಾಣದಷ್ಟು ಮಸುಕಾಗುತ್ತದೆ. ಒಂದು ಪಾಲೋ ಎರಡು ಪಾಲೋ ತಿಳಿಯದು. ಎಳೆಯ ಶಿಶುಗಳಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ಎಸ್ ತಪ್ಪಿಹೋಗಬಹುದು. ಆದುದರಿಂದ ವಿದ್ಯುತ್ ಕ್ಷೇತ್ರದಲ್ಲಿ ಪ್ರಭೇದಗಳನ್ನು ಬೇರ್ಪಡಿಸುವ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್.ಪಿ.ಎಲ್.ಸಿ. ಯಂತ್ರದ ದೃಢೀಕರಣ ಅವಶ್ಯಕ. ಗುಣವಷ್ಟೇ ಇರುವವರಲ್ಲಿ ಎ ಅಧಿಕವಾಗಿದ್ದು, ಎಸ್ ಸಾಮಾನ್ಯವಾಗಿ ಶೇ. 35ರಿಂದ 40ರ ಆಸುಪಾಸಿನಲ್ಲಿರುತ್ತದೆ. ಕ್ಷಾರೀಯ ಮಾಧ್ಯಮದ ಎಲೆಕ್ಟ್ರೋಫೊರೆಸಿಸ್‌ನಲ್ಲಿ ಡಿ ಕೂಡ ಎಸ್‌ನ ಜಾಗದಲ್ಲಿಯೇ ನಿಲ್ಲುತ್ತದೆ. ಆಮ್ಲೀಯ ಮಾಧ್ಯಮದಲ್ಲಿ ಡಿ, ಎಯ ಜೊತೆ ಸೇರುತ್ತದೆ, ಎಸ್ ಬೇರೆಯಾಗುತ್ತದೆ. ಕರಗುವಿಕೆ ಪರೀಕ್ಷೆಯಲ್ಲಿಯೂ ಡಿ ಮಸುಕಾಗುವುದಿಲ್ಲ. ಒಂದೇ ಪರೀಕ್ಷೆಯನ್ನು ನಂಬಿದರೆ ನಿರುಪದ್ರವಿ ಡಿ ಉಳ್ಳವರಿಗೆ ಎಸ್ ಎಂಬ ಹಣೆಪಟ್ಟಿ ಅಂಟಬಹುದು.

ದಕ್ಷಿಣ ಭಾರತದಲ್ಲಿ ಎಸ್ ಇರುವುದನ್ನು 1952ರಲ್ಲಿ ಲೇಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಿದರು. ಒಂದು ಪಾಲಿನ ಎಸ್ ತೀವ್ರ ಮಲೇರಿಯಾದಿಂದ ರಕ್ಷಣೆ ನೀಡುತ್ತದೆ. ಚಳಿಜ್ವರದ ಕಾಡುಗಳಲ್ಲಿ ತಲೆಮಾರುಗಳನ್ನು ಉಳಿಸಿಕೊಟ್ಟ ಗುಣವನ್ನು ಕಳಂಕವೆಂದು ಕರೆಯುವುದು ಚರಿತ್ರೆಗೂ ಸಲ್ಲದು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಹಾಕಿಕೊಂಡಿತು. ರಕ್ತದ ಸ್ಥಿತಿಯನ್ನು ನಮೂದಿಸಿದ ಕಾರ್ಡು ಈಗ ಹಾಡಿಗಳನ್ನೂ ತಲುಪುವ ವಸ್ತು.

ಕಾರ್ಡಿನ ಭಾಷೆ ಇಲ್ಲಿ ಮುಖ್ಯವಾಗುತ್ತದೆ. ಕನ್ನಡದಲ್ಲಿ ‘ರೋಗವಾಹಕ’ವೆಂದರೆ ಸೊಳ್ಳೆ, ಆರೋಗ್ಯ ಇಲಾಖೆಯ ಬಳಕೆಯೂ ಅದೇ. ಆ ಪದವನ್ನೇ ಮದುವೆಗೆ ಬಂದ ಹುಡುಗಿಗೆ ಅನ್ವಯಿಸಿದಾಗ ಅವಳು ಸೋಂಕು ಹರಡುವವಳೆಂಬ ಅರ್ಥ ಹುಟ್ಟುವುದು ಸಹಜ. ‘ಒಂದು ಪಾಲಿನ ಎಸ್’ ಎಂಬಂಥ ಮಾತು ಹೆಚ್ಚು ಉಚಿತ. ಇದಕ್ಕಿಂತ ತೊಡಕಿನದು ಬಳಿಯ ಲೆಕ್ಕ. ಅಜ್ಜ ಅಥವಾ ಅಜ್ಜಿಯಲ್ಲಿದ್ದ ಎಸ್ ಮಗನಿಗೂ ಮಗಳಿಗೂ ಬರಬಹುದು. ಮಗನ ಮಗಳು, ಮಗಳ ಮಗ ಬಳಿಯಿಂದ ಬೇರೆಯಾದರೂ ಎಸ್‌ನಿಂದ ಒಂದೇ ಆಗಿರಬಹುದು. ಹೀಗೆ ಬಳಿ ತಪ್ಪಿಸಿ ಮಾಡಿದ ಸೋದರಿಕೆಯ ಮದುವೆಯಲ್ಲಿ ಇಬ್ಬರಲ್ಲಿಯೂ ಗುಣವಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ಶೇ. 25. ಎಸ್‌ಗೆ ಡಿ-ಪಂಜಾಬ್ ಕೂಡಿದರೂ ಮಗುವಿಗೆ ತೀವ್ರ ರೋಗವಾಗಬಲ್ಲದು. ನಿರುಪದ್ರವಿ ಎಂಬ ಮಾತು ಆ ವ್ಯಕ್ತಿಯ ಮಟ್ಟಿಗೆ ಮಾತ್ರ ಸತ್ಯ. ಹುಡುಗಿಯ ಕಾರ್ಡನ್ನು ಮಾತ್ರ ಕೇಳಿ ಸಂಬಂಧ ಮುರಿಯುವುದಕ್ಕೆ ಇದು ಆಧಾರವಾಗದು. ವರನ ರಕ್ತದಲ್ಲಿ ಎಸ್, ಡಿ-ಪಂಜಾಬ್, ಬೀಟಾ ಥಲಸ್ಸೇಮಿಯಾ ಮುಂತಾದ ಪ್ರತಿಕೂಲ ಗುಣಗಳಿಲ್ಲವೆಂದು ದೃಢಪಟ್ಟಲ್ಲಿ, ಒಂದು ಪಾಲಿನ ಎಸ್ ಉಳ್ಳ ವಧುವಿನ ಮಕ್ಕಳಿಗೆ ಕುಡಗೋಲು ಕಣ ರೋಗ ಬರುವುದಿಲ್ಲ.